ಇದ್ದಲಿಲ್ಲದ ಕಜ್ಜಾಯ

ಮುಳ್ಳೂರಿನ ಶಿವರತ್ನಮ್ಮನಿಗೆ ಚಿಕ್ಕಂದಿನಿಂದಲೂ ಗಾಳಿ ಸೋಕುವ ಭಯವಿತ್ತು. ಐವತ್ತು ದಾಟಿದ ಮೇಲೆ ಅದರ ಪಕ್ಕದಲ್ಲಿ ಕಾನೂನಿನ ಭಯವೂ ಬಂದು ಕೂತಿತು. ಎರಡರಲ್ಲಿ ಯಾವುದು ದೊಡ್ಡದು ಎಂದು ಒಮ್ಮೆ ಕೇಳಿದೆ. ಆಕೆ ಒಲೆಯ ಮುಂದೆ ಕೂತು ಯೋಚನೆ ಮಾಡಿ, "ಗಾಳಿಗೆ ಊರ ದಾರಿ ಮಾತ್ರ ಗೊತ್ತು ತಮ್ಮ. ಕಾನೂನ್ಗೆ ನನ್ ಫೋನ್ ನಂಬರೂ ಗೊತ್ತಲ್ಲ" ಎಂದಳು.

ತಮ್ಮ ಎಂದರೆ ನಾನು, ಅವಳ ಚಿಕ್ಕಪ್ಪನ ಮಗ. ಇಬ್ಬರೂ ಹುಟ್ಟಿದ್ದು ಯಳಂದೂರು ಕಡೆಯ ಅಗರದಲ್ಲಿ. ಅವಳು ಶಾಂತಮೂರ್ತಿ ಭಾವನನ್ನು ಮದುವೆಯಾಗಿ ಮುಳ್ಳೂರಿಗೆ ಬಂದಳು. ನಾನು ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿ, ಪೇಟೆಯ ಬಾಡಿಗೆಗೆ ಹೆದರಿ, ಅದೇ ಮುಳ್ಳೂರಿನಲ್ಲಿ ಅವಳ ಹಿಂದಿನ ಬೀದಿಗೆ ಬಂದೆ. ನಾನು ಪಾಠ ಮಾಡುವುದು ವ್ಯವಹಾರ ಕಾನೂನು. ಹಾಲಿನಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೆ ಕೇಳುವ ಧೈರ್ಯ ಇಲ್ಲದವನಿಗೆ ಇದಕ್ಕಿಂತ ಸುರಕ್ಷಿತವಾದ ವಿಷಯ ಬೇರೆ ಇಲ್ಲ. ಪುಸ್ತಕದೊಳಗಿನ ಕಾನೂನು ಯಾರನ್ನೂ ಹಿಡಿಯುವುದಿಲ್ಲ.

ಅಕ್ಕ ಬದುಕಿದ್ದು ಕಜ್ಜಾಯದಿಂದ. ಜಮೀನು ಇತ್ತು, ಭತ್ತ ಬರುತ್ತಿತ್ತು, ಆದರೆ ಸುತ್ತ ಹಳ್ಳಿಗಳಲ್ಲಿ ಅವಳಿಗೆ ಹೆಸರು ತಂದದ್ದು ಕಜ್ಜಾಯದ ಕೈ. ಅಕ್ಕಿ ನೆನೆಸಿ ನೆರಳಲ್ಲಿ ಆರಿಸಿ, ಹಿಟ್ಟು ಮಾಡಿಸಿ, ಬೆಲ್ಲದ ಪಾಕವನ್ನು ಬೆರಳ ತುದಿಯಲ್ಲಿ ಹಿಡಿದು ನೋಡುವುದನ್ನು ಅತ್ತೆ ಚನ್ನಾಜಮ್ಮ ಕಲಿಸಿದ್ದರು. ಸೀಮಂತವಿರಲಿ, ಮದುವೆಯಿರಲಿ, ಮಗಳನ್ನು ಗಂಡನ ಮನೆಗೆ ಕಳಿಸುವುದಿರಲಿ, ಅಕ್ಕನ ಮನೆ ಮುಂದೆ ಪಾತ್ರೆ ಹಿಡಿದವರು ಬಂದು ನಿಲ್ಲುತ್ತಿದ್ದರು.

ಪಾಕದ ಜೊತೆಗೆ ಅತ್ತೆ ಇನ್ನೊಂದು ನಿಯಮವನ್ನೂ ಕಲಿಸಿದ್ದರು. ಎಣ್ಣೆಯಲ್ಲಿ ಕರಿದ ಪದಾರ್ಥ ಹೊಸ್ತಿಲು ದಾಟಬೇಕಾದರೆ ಅದರ ಮೇಲೆ ಒಂದು ಚೂರು ಇದ್ದಲು ಇರಬೇಕು. ಬೆಲ್ಲ ಮತ್ತು ಎಣ್ಣೆಯ ವಾಸನೆಗೆ ದಾರಿಯಲ್ಲಿರುವುದೆಲ್ಲ ಎದ್ದು ಹಿಂದೆ ಬರುತ್ತದಂತೆ. ಕಪ್ಪು ಕಂಡರೆ ಅಲ್ಲೇ ನಿಲ್ಲುತ್ತದಂತೆ. ತಲುಪಿದ ಮನೆಯವರು ಆ ಇದ್ದಲನ್ನು ಬಾಗಿಲಾಚೆ ಎಸೆದು ಆಮೇಲೆ ಪಾತ್ರೆಗೆ ಕೈ ಹಾಕುತ್ತಾರೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಅಕ್ಕನಿಗೆ ಇದು ಬರೀ ಪದ್ಧತಿಯಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಇದ್ದಲು ಮರೆತು ಅಗರಕ್ಕೆ ಕಜ್ಜಾಯ ಕಳಿಸಿದ್ದಳು. ಅವಳ ತಂಗಿ ಶಿವನಂಜಮ್ಮ ಅದನ್ನು ತಿಂದು ವಾಂತಿ ಹಿಡಿದು ಹಾಸಿಗೆಯಿಂದ ಏಳಲಾರದೆ ಹೋದಳು. ಬದುಕಿಕೊಂಡಳು, ಈಗಲೂ ನನಗಿಂತ ಜೋರಾಗಿದ್ದಾಳೆ. ಅದೇ ದಿನ ಅವಳು ಹಳಸಿದ ಮೊಸರನ್ನ ತಿಂದಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಕ್ಕನಿಗೆ ಹೇಳಿಯೂ ಇದ್ದೆ. ಅವಳು ಹೇಳಿದ್ದಿಷ್ಟೆ: "ಮೊಸರನ್ನ ನಾನ್ ಮಾಡಿರ್ನಿಲ್ಲ. ಕಜ್ಜಾಯ ನಾನ್ ಮಾಡಿದ್ದೆ."

ಹೀಗಿರುವಾಗ ಕೊಳ್ಳೇಗಾಲದ ವರ್ತಕರು ಸೇರಿ ಕಲ್ಯಾಣ ಮಂಟಪವೊಂದರಲ್ಲಿ ಸಭೆ ಇಟ್ಟುಕೊಂಡರು. ಮುಂದಿನ ವರ್ಷಗಳಲ್ಲಿ ವ್ಯಾಪಾರಸ್ಥರು ಯಾವ ಯಾವ ಕಾನೂನಿಗೆ ಸಿದ್ಧರಾಗಬೇಕು ಎಂದು ಹೇಳಲು ಮೈಸೂರಿನಿಂದ ಒಬ್ಬ ಸಲಹೆಗಾರರು ಬಂದಿದ್ದರು. ವಂದನಾರ್ಪಣೆ ನನ್ನದು. ಊಟದಲ್ಲಿ ಕಜ್ಜಾಯ ಅಕ್ಕನದು. ಆಕೆ ಪಾತ್ರೆ ವಾಪಸ್ಸು ಒಯ್ಯಲೆಂದು ಹಿಂದಿನ ಕಂಬಕ್ಕೆ ಒರಗಿ ಕೂತಿದ್ದಳು.

ಸಲಹೆಗಾರರು ಗೋಡೆಯ ಮೇಲೆ ಚಿತ್ರ ಬಿಡುತ್ತಾ ಹೋದರು. ಅವರ ದನಿ ಮೆತ್ತಗಿತ್ತು; ಅದಕ್ಕೇ ಹೆಚ್ಚು ಭಯವಾಯಿತು. ಗಿರಾಕಿಯ ಫೋನ್ ನಂಬರು ಇನ್ನು ಮುಂದೆ ನಿಮ್ಮ ಸ್ವತ್ತಲ್ಲ, ಕೇಳದೆ ಬಳಸಿದರೆ ದಂಡ ಎಂದರು. ದಿನಾ ಬೆಳಿಗ್ಗೆ ಊರಿಗೆಲ್ಲ ಶುಭೋದಯ ಕಳಿಸುವ ಬಟ್ಟೆ ಅಂಗಡಿಯ ದೊಡ್ಡಮಾದಪ್ಪನವರು ಜೇಬಿನ ಮೇಲೆ ಕೈ ಇಟ್ಟುಕೊಂಡರು. ಕೆಲಸಕ್ಕಿರುವ ಪ್ರತಿಯೊಬ್ಬರಿಗೂ ನೇಮಕದ ಪತ್ರ ಕೊಡಬೇಕು ಎಂದರು. ಎಣ್ಣೆ ಮಿಲ್ಲಿನವರೊಬ್ಬರು ಎದ್ದು, "ನನ್ ತಾವ ಇರೋನು ನನ್ ಹೆಂಡ್ತಿ ತಮ್ಮ ಸಾ. ಅವನ್ಗೆ ನೇಮಕದ ಪತ್ರ ಕೊಟ್ರೆ ರಜದ ಪತ್ರ ಅವನೇ ಬರ್ಕತಾನೆ" ಎಂದರು. ಯಾರೂ ನಗಲಿಲ್ಲ. ಪ್ಲಾಸ್ಟಿಕ್ ಕವರು ಮಾರಿದವನೇ ಅದನ್ನು ವಾಪಸ್ಸು ಪಡೆಯುವ ಕಾಲ ಬರುತ್ತಿದೆ ಎಂದರು. ಇನ್ನು ಮುಂದೆ ಪರಿಶೀಲನೆಗೆ ಅಧಿಕಾರಿ ಬರಬೇಕಾಗಿಲ್ಲ, ಕಂಪ್ಯೂಟರೇ ತಪ್ಪು ಹುಡುಕಿ ನೋಟಿಸು ಕಳಿಸುತ್ತದೆ ಎಂದಾಗ ಮಾತ್ರ ದೊಡ್ಡಮಾದಪ್ಪನವರಿಗೆ ತಡೆಯಲಾಗಲಿಲ್ಲ.

"ಬಂದೋರ್ಗಾದ್ರೆ ಕಾಫಿ ಕೊಡ್ಬೋದು ಸಾ. ಬರ್ದೆ ಇರೋರ್ಗೆ ಏನ್ ಕೊಡದು?"

ಸಲಹೆಗಾರರು ಕೊನೆಗೆ ತಿನ್ನುವ ಪದಾರ್ಥಕ್ಕೆ ಬಂದರು. ಮನೆಯಲ್ಲಿ ಮಾಡಿ ಮಾರುವವರೂ ನೋಂದಾಯಿಸಿಕೊಳ್ಳಬೇಕು. ಪ್ಯಾಕೆಟ್ಟಿನ ಮೇಲೆ ಒಳಗೆ ಏನೇನಿದೆ, ಯಾವತ್ತು ಮಾಡಿದ್ದು, ಯಾವ ಬ್ಯಾಚು, ಯಾರಿಗೆ ಫೋನ್ ಮಾಡಬೇಕು, ಎಲ್ಲ ಇರಬೇಕು. ತಪ್ಪು ಗೊತ್ತಾದ ಕೂಡಲೆ ಆ ಬ್ಯಾಚನ್ನೆಲ್ಲ ಅಂಗಡಿಗಳಿಂದ ವಾಪಸ್ಸು ಕರೆಸಬೇಕು, ಅದಕ್ಕೆ ರೀಕಾಲ್ ಎನ್ನುತ್ತಾರೆ. ತಿಂದವರ ಜೀವಕ್ಕೆ ತೊಂದರೆಯಾದರೆ ಮಾಡಿದವರು ಜೈಲಿಗೂ ಹೋಗಬೇಕಾದೀತು.

ನಾನು ವಂದನೆ ಅರ್ಪಿಸಿ ಕಜ್ಜಾಯ ತಿಂದೆ. ಅಕ್ಕ ಏನೂ ತಿನ್ನಲಿಲ್ಲ. ಆಟೋದಲ್ಲಿ ಖಾಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಊರು ಹತ್ತಿರ ಬಂದಾಗ ಕೇಳಿದಳು.

"ತಮ್ಮ, ಇಷ್ಟ್ ವರ್ಸ ನಾನ್ ಮಾಡ್ಕ ಬಂದಿದ್ದು ತಪ್ಪಾ?"

"ತಪ್ಪಲ್ಲ ಕಣಕ್ಕ. ಇನ್ಮೇಲೆ ಹೆಸರು ಬರೆಸ್ಕೊಂಡು ಮಾಡ್ಬೇಕು, ಅಷ್ಟೆ."

"ಅಷ್ಟೆ ಅಂತೀಯ. ಜೈಲು ಅಂದ್ರಲ್ಲ."

"ಯಾರಿಗಾದ್ರೂ ಏನಾದ್ರೂ ಆದ್ರೆ."

"ಆಗಕಿಲ್ಲ ಅಂತ ನೀನ್ ಬರ್ಕೊಡ್ತೀಯಾ?"

ಕಾನೂನು ಪಾಠ ಮಾಡುವವನಾದ್ದರಿಂದ ನಾನು ಏನನ್ನೂ ಬರೆದುಕೊಡುವುದಿಲ್ಲ.

ಅಕ್ಕ ಒಲೆ ಹಚ್ಚುವುದನ್ನು ನಿಲ್ಲಿಸಿಬಿಟ್ಟಳು. ಪಾತ್ರೆ ಹಿಡಿದು ಬಂದವರನ್ನು ಕೈನೋವು ಎಂದು ಹೇಳಿ ಕಳಿಸಿದಳು. ಭಾವ ಶಾಂತಮೂರ್ತಿ ಎರಡು ವಾರ ಸಹಿಸಿ, ನನ್ನನ್ನು ಕರೆದು, "ಲೇ, ನಿಮ್ಮಕ್ಕ ಕಜ್ಜಾಯ ಬುಟ್ ಮೇಲೆ ನನ್ ಮಕ ನೋಡ್ಕಂಡ್ ಕುಂತ್ಕತಾಳೆ. ಇಷ್ಟ್ ವರ್ಸ ನೋಡ್ದೆ ಇದ್ದೋಳು ಈಗ ನೋಡಿ ತಪ್ ಕಂಡಿಡೀತಾವ್ಳೆ. ಏನಾರ ಮಾಡು" ಎಂದರು.

ಅದೇ ಹೊತ್ತಿಗೆ ಹನೂರಿನ ಬೇಕರಿಯ ಮಾದೇಶ್ ಫೋನ್ ಮಾಡಿದ. ಮಾದಪ್ಪನ ಬೆಟ್ಟಕ್ಕೆ ದೇವರ ದರ್ಶನಕ್ಕೆ ಹೋಗುವವರು ಅವನ ಅಂಗಡಿ ಮುಂದೆಯೇ ಇಳಿದು ಹತ್ತುತ್ತಾರೆ. ಅಕ್ಕನ ಕಜ್ಜಾಯವನ್ನು ಪ್ಯಾಕೆಟ್ ಮಾಡಿ ಕೊಟ್ಟರೆ ಇಡುತ್ತೇನೆ, ಆದರೆ ನೋಂದಣಿ ನಂಬರು ಬೇಕೇ ಬೇಕು ಎಂದ. ಅಕ್ಕನ ಸೊಸೆ ಸೌಮ್ಯ ಮೊಬೈಲಿನಲ್ಲೇ ಅರ್ಜಿ ತುಂಬಿದಳು. ಆಮೇಲೆ ಪ್ಯಾಕೆಟ್ಟಿಗೆ ಚೀಟಿ ಬರೆಯಲು ಕೂತೆವು. ಸೌಮ್ಯ ಟೈಪು ಮಾಡುತ್ತಿದ್ದಳು, ಅಕ್ಕ ಹೇಳುತ್ತಿದ್ದಳು.

"ಅಕ್ಕಿ, ಬೆಲ್ಲ, ಎಳ್ಳು, ಗಸಗಸೆ, ಏಲಕ್ಕಿ, ಎಣ್ಣೆ. ಇದ್ಲು."

ಸೌಮ್ಯಳ ಬೆರಳು ನಿಂತಿತು. "ಅತ್ತೆ, ಇದ್ಲು ಯಾಕೆ?"

"ಒಳಗಿರದೆಲ್ಲ ಬರೀಬೇಕು ಅಂದ್ರಲ್ಲವ್ವ. ಇದ್ಲು ಒಳಗಿರ್ತದೆ."

"ಅದು ತಿನ್ನೋದಲ್ವಲ್ಲ ಅತ್ತೆ."

"ತಿನ್ನದಲ್ಲ ಅಂತ ಬಚ್ಚಿಟ್ರೆ ಜೈಲು. ಬರಿ."

ನಾನು ವಾದ ಮಾಡಿದೆ. ಇದ್ದಲನ್ನು ಬಿಟ್ಟುಬಿಡು ಎಂದೆ. ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ಶಿವನಂಜಮ್ಮ ಮತ್ತೆ ವಾಂತಿ ಮಾಡಿಕೊಂಡಳು. ಸೌಮ್ಯ ಟೈಪು ಮಾಡಿದಳು. ಇಡೀ ಭಾರತದಲ್ಲಿ ಕಾನೂನಿಗೆ ಇಷ್ಟು ಹೆದರಿ ಇದ್ದಲನ್ನು ಆಹಾರ ಪದಾರ್ಥಗಳ ಸಾಲಿನಲ್ಲಿ ಘೋಷಿಸಿದ ಮನೆ ಇನ್ನೊಂದಿರಲಾರದು.

ಸ್ವಲ್ಪ ದಿನಕ್ಕೆ ಭವ್ಯ ಎಂಬ ಅಧಿಕಾರಿ ಅಡುಗೆಮನೆ ನೋಡಲು ಬಂದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೈಯಲ್ಲಿ ಹೆಲ್ಮೆಟ್ಟು. ಅಕ್ಕ ಹಿಂದಿನ ದಿನದಿಂದ ಮನೆಯನ್ನು ಎಷ್ಟು ಸಲ ಸಾರಿಸಿದ್ದಳೆಂದರೆ ಭಾವ ಒಳಗೆ ಬರಲು ಹೆದರಿ ಜಗಲಿಯ ಮೇಲೇ ಊಟ ಮಾಡಿದ್ದರು. ಭವ್ಯ ನೀರು ನೋಡಿದರು, ಎಣ್ಣೆ ನೋಡಿದರು, ಡಬ್ಬಗಳ ಮುಚ್ಚಳ ತೆಗೆದು ನೋಡಿದರು. ಎಲ್ಲ ಸರಿಯಾಗಿದೆ ಎಂದು ಹೇಳುತ್ತಲೇ ಚೀಟಿಯನ್ನು ಓದಿದರು. ಇನ್ನೊಂದು ಸಲ ಓದಿದರು.

"ಇದೇನಮ್ಮ, ಇದ್ದಲು?"

ಅಕ್ಕ ಗೋಡೆಗೆ ಅಂಟಿಕೊಂಡಿದ್ದಳು. ಆದರೂ ಹೇಳಿದಳು. ಗಾಳಿ, ದಾರಿ, ಅತ್ತೆ, ತಂಗಿ, ಎಲ್ಲವನ್ನೂ. ನಾನು ಬಾಗಿಲ ಹತ್ತಿರ ನಿಂತು, ಅಗತ್ಯ ಬಿದ್ದರೆ ಇವರು ಯಾರೋ ಗೊತ್ತಿಲ್ಲ ಎನ್ನಲು ಸಿದ್ಧನಾಗಿದ್ದೆ.

ಭವ್ಯ ನಗಲಿಲ್ಲ. "ನಮ್ಮಜ್ಜಿನೂ ಇಡ್ತಿದ್ರು ಅಮ್ಮ. ಆದ್ರೆ ಪ್ಯಾಕೆಟ್ ಒಳಗೆ ಇಡೋ ಹಾಗಿಲ್ಲ. ಮಗು ಬಾಯಿಗೆ ಹಾಕ್ಕೊಂಡ್ರೆ? ಲ್ಯಾಬಿನಲ್ಲಿ ಅದನ್ನ ಹೊರಗಿನ ವಸ್ತು ಅಂತಾರೆ, ಕೇಸೇ ಆಗತ್ತೆ."

"ಹಂಗಾರೆ ನಾನ್ ಕಳ್ಸದೇ ಇಲ್ಲ ಬುಡಿ."

ಅಧಿಕಾರಿ ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಾಯಿಸಿಕೊಂಡರು. "ಪ್ಯಾಕೆಟ್ ಎಲ್ಲ ಸೀಲ್ ಮಾಡಿ ಒಂದು ರಟ್ಟಿನ ಡಬ್ಬದಲ್ಲಿ ಹಾಕಿ ಕಳಿಸ್ತೀರಲ್ಲ, ಆ ದೊಡ್ಡ ಡಬ್ಬದಲ್ಲಿ ಬೇರೆ ಕವರಿಗೆ ಹಾಕಿ ಏನಿಡ್ತೀರೋ ನಾನು ಕೇಳಲ್ಲ. ತಿನ್ನೋದಕ್ಕೆ ತಾಗಬಾರದು, ಅಷ್ಟೆ."

ಅಕ್ಕ ಬಹಳ ಹೊತ್ತು ಯೋಚಿಸಿ ಒಪ್ಪಿದಳು. ಗಾಳಿಗೆ ಡಬ್ಬದ ಇದ್ದಲು, ಸರ್ಕಾರಕ್ಕೆ ಇದ್ದಲಿನ ಹೆಸರು ತೆಗೆದ ಪ್ಯಾಕೆಟ್ಟಿನ ಚೀಟಿ. ನೋಂದಣಿ ನಂಬರು ಬಂತು. ಒಲೆ ಹತ್ತಿತು. ವಾರಕ್ಕೊಂದು ದಿನ ಹನೂರಿನ ಬಸ್ಸಿಗೆ ಡಬ್ಬ ಹೋಗತೊಡಗಿತು. ಡಬ್ಬದ ಬಾಯಿಗೆ ಟೇಪು ಹಾಕುವ ಮುಂಚೆ ಇದ್ದಲಿನ ಪೊಟ್ಟಣವನ್ನು ಇಡುವುದು ಮಾತ್ರ ಅಕ್ಕನದೇ ಕೆಲಸ. ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಒಂದು ಮಂಗಳವಾರ ಅವಳು ಮನೆಯಲ್ಲಿರಲಿಲ್ಲ. ಊರಿನಲ್ಲಿ ಚಿಕ್ಕಮಾದಮ್ಮ ಎಂಬ ಮುದುಕಿ ತೀರಿಕೊಂಡಿದ್ದರು, ಅಲ್ಲಿಗೆ ಹೋಗಿದ್ದಳು. ಬಸ್ಸಿನ ಹಾರನ್ನು ಕೇಳಿ ಭಾವನೇ ಡಬ್ಬಕ್ಕೆ ಟೇಪು ಸುತ್ತಿ ಒಯ್ದು ಹತ್ತಿಸಿದರು. ಅಕ್ಕ ಸ್ನಾನ ಮಾಡಿ ಒಳಗೆ ಬಂದು ಖಾಲಿ ಜಾಗ ನೋಡಿ ಕೇಳಿದಳು.

"ಇದ್ಲು?"

ಭಾವ ಎಲೆ ಅಡಿಕೆ ಮಡಚುತ್ತಾ, "ಸರ್ಕಾರದೋರೇ ಬ್ಯಾಡ ಅಂದವ್ರೆ, ನಿಂದೊಂದು" ಎಂದರಂತೆ. ಅಕ್ಕ ಬೈಯದೆ ಒಲೆಯ ಮುಂದೆ ಹೋಗಿ ಕೂತಳಂತೆ. ಅಕ್ಕ ಬೈದರೆ ಭಾವನಿಗೆ ನೆಮ್ಮದಿ. ಬೈಯದೆ ಕೂತದ್ದು ನೋಡಿ ಅವರು ಮಡಚಿದ ಎಲೆ ಅಡಿಕೆಯನ್ನು ಹಾಗೇ ತಟ್ಟೆಗಿಟ್ಟರಂತೆ.

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಅಕ್ಕ ಬಂದು ನಿಂತಳು. ಕಣ್ಣು ಕೆಂಪಗಿದ್ದವು.

"ತಮ್ಮ, ಗಾಡಿ ತಗಿ. ರೀಕಾಲ್ ಮಾಡ್ಬೇಕು."

ಬಾಯಲ್ಲಿದ್ದ ನೊರೆ ನುಂಗಿದೆ. "ಯಾಕಕ್ಕ, ಎಣ್ಣೆ ಕೆಟ್ಟಿತ್ತಾ?"

"ಎಣ್ಣೆ ಸರ್ಯಾಗದೆ. ಇದ್ಲಾಕ್ದೆ ಓಗದೆ."

"ಅಕ್ಕ, ಅದಕ್ಕೆಲ್ಲ ರೀಕಾಲ್ ಮಾಡಲ್ಲ."

"ತಪ್ ಗೊತ್ತಾದ ಕೂಡ್ಲೆ ವಾಪಸ್ ಕರುಸ್ಬೇಕು ಅಂದ್ರಾ ಇಲ್ವಾ?"

"ಅಂದ್ರು."

"ನನ್ಗೆ ಗೊತ್ತಾಯ್ತು. ನಡಿ."

ಕಾಲೇಜಿಗೆ ರಜೆ ಹಾಕಿ ಸ್ಕೂಟರು ತೆಗೆದೆ. ನನಗೆ ಗಾಳಿಯಲ್ಲಿ ನಂಬಿಕೆಯಿಲ್ಲ. ಆದರೆ ಸ್ಕೂಟರಿನ ಹಿಂದೆ ಅಷ್ಟು ಹೆದರಿದ ಮನುಷ್ಯರನ್ನು ಕೂರಿಸಿಕೊಂಡು ಹೋದರೆ ಭಯ ಬೆನ್ನಿಗೆ ತಾಗುತ್ತದೆ. ಹನೂರು ಬರುವ ಹೊತ್ತಿಗೆ ನಾನೂ ಹಾದಿಬದಿಯ ಹುಣಸೆಮರಗಳ ಕಡೆ ನೋಡುವುದನ್ನು ಬಿಟ್ಟಿದ್ದೆ.

ಮಾದೇಶನ ಬೇಕರಿಯಲ್ಲಿ ಬೆಳಗಿನ ಗಿರಾಕಿಗಳಿದ್ದರು. ಅಕ್ಕ ಸೀದಾ ಹೋಗಿ, "ಮಾದೇಶ, ನೆನ್ನೆ ಬಂದದ್ದೆಲ್ಲ ವಾಪಸ್ ಕೊಡಪ್ಪ" ಎಂದಳು.

"ಯಾಕಕ್ಕಾ?"

"ಕೊಡು. ಯಾಕೆ ಅಂತ ಇಲ್ಲಿ ಏಳಕಾಗಕಿಲ್ಲ."

ಬನ್ನು ಕಚ್ಚಿದ್ದ ಒಬ್ಬರು ಬಾಯಾಡಿಸುವುದನ್ನು ನಿಲ್ಲಿಸಿದರು. ಮಾದೇಶ ಬಗ್ಗಿ ಪಿಸುಗುಟ್ಟಿದ: "ಸಾ, ಏನಾರ ಬಿದ್ದದಾ ಅದ್ರೊಳಗೆ? ಹಲ್ಲಿಗಿಲ್ಲಿ?"

"ಬಿದ್ದಿಲ್ಲ ಮಾದೇಶ. ಬೀಳದೇ ಇದ್ದದ್ದೇ ತೊಂದರೆ" ಎಂದೆ. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಅವನು ಪ್ಯಾಕೆಟ್ಟುಗಳನ್ನು ಇಳಿಸಿದ. ಅಕ್ಕ ಒಂದೊಂದನ್ನೂ ಮುಟ್ಟಿ ಲೆಕ್ಕ ಹಾಕಿದಳು. ಒಂದು ಕಡಿಮೆ ಬಂತು.

"ಅದು ಹೋಯ್ತಕ್ಕಾ. ನೆನ್ನೆ ಸಂಜೆ ಬಂಡಳ್ಳಿ ಕೆಂಪಾಜಮ್ಮ ತಕಂಡೋದ್ರು. ಮಗಳು ರಮ್ಯ ತುಂಬ್ ಬಸ್ರಿ, ಕಜ್ಜಾಯ ಬೇಕು ಅಂತ ಬಯಕೆ ಬಿದ್ದಿದ್ಲಂತೆ."

ಅಕ್ಕ ಗಾಜಿನ ಪೆಟ್ಟಿಗೆಯನ್ನು ಹಿಡಿದುಕೊಂಡಳು. ಅದರೊಳಗಿನ ದಿಲ್‌ಪಸಂದುಗಳು ಅಲುಗಾಡಿದವು. ಬಸುರಿ, ಸಂಜೆ ಹೊತ್ತು, ಎಣ್ಣೆ ಬೆಲ್ಲದ ಪದಾರ್ಥ. ಅವಳು ಜೀವಮಾನವಿಡೀ ಹೆದರಿದ್ದೆಲ್ಲ ಒಂದೇ ಮನೆಗೆ ಹೋಗಿ ಸೇರಿತ್ತು.

"ಫೋನ್ ನಂಬರ್ ಅದಾ?" ಎಂದು ಕೇಳಿದಳು.

"ಇಲ್ಲಕ್ಕಾ. ಇನ್ಮೇಲೆ ಗಿರಾಕಿ ನಂಬರ್ ಇಟ್ಕಬಾರ್ದು ಅಂತ ಯಾರೋ ಮೀಟಿಂಗಲ್ಲಿ ಹೇಳಿದ್ರಂತೆ, ಎಲ್ಲ ಅಳಿಸ್ಬುಟ್ಟೆ" ಎಂದ ಮಾದೇಶ. ವಂದನಾರ್ಪಣೆ ಮಾಡಿದವನು ನಾನೇ ಎಂದು ಅವನಿಗೆ ಹೇಳಲಿಲ್ಲ.

ಬಂಡಳ್ಳಿಗೆ ಹೋದೆವು. ಮನೆ ಬೀಗ ಹಾಕಿತ್ತು. ಪಕ್ಕದ ಜಗಲಿಯಲ್ಲಿ ಮಾದಣ್ಣ ಎಂಬ ಹಿರಿಯರು ಜೋಳದ ತೆನೆ ಬಿಡಿಸುತ್ತಿದ್ದರು. ಕೆಂಪಾಜಮ್ಮ ಎಲ್ಲಿ ಎಂದು ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದರು.

"ಆಟೋ ಮಾಡ್ಕಂಡ್ ಕೊಳ್ಳೇಗಾಲ ಆಸ್ಪತ್ರೆಗೆ ಓದ್ರು. ಬೆಳಗಾಗೆದ್ದಾಗ್ಲಿಂದ ಹುಡ್ಗಿ ಒಟ್ಟೆ ಇಡ್ಕಂಡು ಗೋಳಾಡ್ತಿತ್ತು. ನೀವ್ಯಾರು, ನೆಂಟ್ರಾ?"

ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಾದಣ್ಣ ಒಳಗಿನಿಂದ ನೀರು ತರಲು ಎದ್ದರು. ನೀರು ಬರುವ ಮೊದಲೇ ಅಕ್ಕ ಎದ್ದು ಸ್ಕೂಟರಿನ ಹತ್ತಿರ ನಿಂತಿದ್ದಳು.

ಆ ದಾರಿಯನ್ನು ನಾನು ಹೇಗೆ ಓಡಿಸಿದೆನೋ ಗೊತ್ತಿಲ್ಲ. ಅಕ್ಕನ ಕೈ ನನ್ನ ಭುಜವನ್ನು ಹಿಡಿದಿತ್ತು. ಉಗುರು ಅಂಗಿಯೊಳಗೆ ಇಳಿದಿತ್ತು. "ಮಾದಪ್ಪ, ಮಾದಪ್ಪ" ಎನ್ನುತ್ತಿದ್ದಳು, ಬೇರೆ ಏನೂ ಇಲ್ಲ. ನನ್ನ ತಲೆಯೊಳಗೆ ಸಲಹೆಗಾರರ ಮೆತ್ತಗಿನ ದನಿ ಓಡುತ್ತಿತ್ತು. ಕಜ್ಜಾಯದಲ್ಲಿ ನಿಜವಾಗಿ ಏನಾದರೂ ಕೆಟ್ಟಿದ್ದರೆ? ಹಿಟ್ಟು ಮಿಲ್ಲಿನಲ್ಲಿ ಏನಾದರೂ ಸೇರಿದ್ದರೆ? ಪ್ಯಾಕೆಟ್ಟಿನ ಮೇಲೆ ಅಕ್ಕನ ಹೆಸರಿದೆ, ಮನೆಯ ವಿಳಾಸವಿದೆ. ವಿಳಾಸ ಬರೆಸಿದವನು ನಾನು. ಒಬ್ಬಳು ಬಸುರಿ, ಒಳಗೊಂದು ಕೂಸು. ಗಾಳಿಯನ್ನು ನಂಬದವನಿಗೂ ನಂಬುವವಳಿಗೂ ಆಗ ಇದ್ದ ಭಯ ಒಂದೇ ತೂಕದ್ದು.

ಆಸ್ಪತ್ರೆಯ ಹೆರಿಗೆ ವಿಭಾಗದ ಹೊರಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಬಟ್ಟೆಯ ಚೀಲ ಹಿಡಿದು ಕೂತಿದ್ದರು. ಚೀಲದ ಬಾಯಲ್ಲಿ ಅಕ್ಕನ ಪ್ಯಾಕೆಟ್ಟು ಕಾಣುತ್ತಿತ್ತು. ಖಾಲಿ.

"ಬಂಡಳ್ಳಿ ಕೆಂಪಾಜಮ್ಮನವ್ರಾ?" ಎಂದಳು ಅಕ್ಕ.

"ಊಂ. ನೀವು?"

"ಮಗಳು ಎಂಗವಳೆ?"

"ಒಳಗ್ ಕರ್ಕಂಡ್ ಓಗವ್ರೆ. ಏನೂ ಏಳಿಲ್ಲ. ನೀವ್ಯಾರವ್ವ?"

ನಾನು ಅಕ್ಕನ ಸೆರಗು ಎಳೆದೆ. ಯಾವ ವಕೀಲರನ್ನು ಕೇಳಿದರೂ ಈ ಹೊತ್ತಿನಲ್ಲಿ ಬಾಯಿ ಬಿಡಬೇಡಿ ಎನ್ನುತ್ತಾರೆ. ಅಕ್ಕ ಸೆರಗು ಬಿಡಿಸಿಕೊಂಡಳು.

"ಆ ಕಜ್ಜಾಯ ಮಾಡಿದ್ದು ನಾನು ಕಣವ್ವ. ನೆನ್ನೆ ಡಬ್ಬಕ್ಕೆ ಇದ್ಲಾಕ್ದೆ ಕಳುಸ್ಬುಟ್ಟಿದ್ದೊ. ವಾಪಸ್ ತಕಳಕೆ ಬಂದೆ. ತಡವಾಗೋಯ್ತು."

ಕೆಂಪಾಜಮ್ಮ ಅಕ್ಕನ ಮುಖ ನೋಡಿದರು, ಪ್ಯಾಕೆಟ್ಟು ನೋಡಿದರು. "ಅಂಗ್ಡಿ ಪದಾರ್ಥ ಅಂತ ನಾನೂ ಇದ್ಲಿಡ್ನಿಲ್ಲ. ಕತ್ತಲಾಗಿತ್ತು, ಹಳ್ಳದ್ ತಾವ ನಡ್ಕಂಡ್ ಬಂದೆ." ಆಮೇಲೆ ಮೆಲ್ಲಗೆ ಕೇಳಿದರು: "ಏನಾಯ್ತದವ್ವ ಈಗ?"

ಅಕ್ಕನ ಭಯ ಇನ್ನೊಬ್ಬರ ಮನೆಗೂ ಹೋಯಿತು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೈ ಹಿಡಿದುಕೊಂಡು ಕೂತರು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದರು. ಬೇರೆ ಯಾರನ್ನೋ ಕರೆದರೆ ಕೂರುತ್ತಿದ್ದರು. ನಾನು ಗೋಡೆಯ ಮೇಲಿನ ಲಸಿಕೆಯ ಭಿತ್ತಿಪತ್ರವನ್ನು ಬಾಯಿಪಾಠವಾಗುವಷ್ಟು ಸಲ ಓದಿದೆ.

ಕಡೆಗೆ ಡಾಕ್ಟರು ಹೊರಗೆ ಬಂದರು. "ರಮ್ಯ ಅವರ ಕಡೆಯವರು? ನಿನ್ನೆ ರಾತ್ರಿ ಏನು ತಿಂದಿದ್ರು ಅವರು?"

ಕೆಂಪಾಜಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಎದ್ದು ನಿಂತಳು. "ಕಜ್ಜಾಯ. ನಾನ್ ಮಾಡಿದ್ದು. ಹೆಸ್ರು ಶಿವರತ್ನಮ್ಮ, ಮುಳ್ಳೂರು." ಪೊಲೀಸರ ಮುಂದೆ ಹೇಳುವಂತೆ ಹೇಳಿದಳು.

"ಎಷ್ಟು ತಿಂದ್ರು?"

ಅಕ್ಕನಿಗೆ ಅದು ಗೊತ್ತಿರಲಿಲ್ಲ. ಕೆಂಪಾಜಮ್ಮ ಖಾಲಿ ಪ್ಯಾಕೆಟ್ಟನ್ನು ಎತ್ತಿ ತೋರಿಸಿದರು. "ಒಂದ್ ನಂಗ್ ಕೊಟ್ಲು. ಮಿಕ್ಕಿದ್ದು ಅವಳೇ."

ಡಾಕ್ಟರು ಆ ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಒಂಬತ್ತು ತಿಂಗಳ ಬಸುರಿ, ರಾತ್ರಿ ಮಲಗೋ ಮುಂಚೆ ಇಷ್ಟು ಎಣ್ಣೆ ಬೆಲ್ಲ ತಿಂದ್ರೆ ಹೊಟ್ಟೆ ನೋಯದೆ ಇರತ್ತಾ? ಹೆರಿಗೆ ನೋವಲ್ಲ, ಅಜೀರ್ಣ. ಮಗು ಚೆನ್ನಾಗಿದೆ, ಎದೆಬಡಿತ ಚೆನ್ನಾಗಿದೆ. ಆದ್ರೂ ಇವತ್ತು ಇಲ್ಲೇ ಇರಲಿ, ನೋಡ್ಬೇಕು." ಹೋಗುವ ಮುನ್ನ ಅಕ್ಕನ ಕಡೆ ತಿರುಗಿ, "ಅಷ್ಟು ಚೆನ್ನಾಗಿ ಮಾಡ್ಬೇಡಿ" ಎಂದರು.

ಕೆಂಪಾಜಮ್ಮ ಅತ್ತರು, ಆಮೇಲೆ ನಕ್ಕರು, ಆಮೇಲೆ ಮಗಳನ್ನು ಬೈಯಲು ಒಳಗೆ ಹೋದರು. ನಾನು ಉಸಿರು ಬಿಟ್ಟು, "ನಡಿ ಅಕ್ಕ, ಮನೆಗೆ ಹೋಗೋಣ" ಎಂದೆ.

"ನೀನ್ ಓಗು. ನಾನ್ ಇರ್ತೀನಿ."

"ಡಾಕ್ಟ್ರೇ ಹೇಳಿದ್ರಲ್ಲ."

"ಅವ್ರು ಒಟ್ಟೆ ನೋಡುದ್ರು. ಮಿಕ್ಕಿದ್ದ ಯಾರ್ ನೋಡ್ತಾರೆ?" ಬೆಂಚಿನ ಮೇಲೆ ಮತ್ತೆ ಕೂತು, ಕುಗ್ಗಿದ ದನಿಯಲ್ಲಿ ಹೇಳಿದಳು: "ಗಾಳಿಯಿಂದ್ಲೇ ಬಂತೋ ಬೆಲ್ಲದಿಂದ್ಲೇ ಬಂತೋ, ನೋವು ಬಂದಿದ್ದು ನನ್ ಕಜ್ಜಾಯದಿಂದ್ಲೇ ತಾನೆ?"

ನನ್ನ ಪುಸ್ತಕಗಳನ್ನು ಕೇಳಿದ್ದರೂ ಅವು ಅಕ್ಕನ ಮಾತನ್ನೇ ಒಪ್ಪುತ್ತಿದ್ದವು. ಅಂದರೆ, ತಪ್ಪು ಅಕ್ಕನದೇ ಎನ್ನುತ್ತಿದ್ದವು.

ಅವಳು ಅಲ್ಲೇ ಉಳಿದಳು. ರಮ್ಯಳ ಮಂಚದ ಪಕ್ಕ ನೆಲದ ಮೇಲೆ ಕೂತು, ಹುಡುಗಿ ಮಗ್ಗುಲು ಬದಲಿಸಿದರೂ ಎದ್ದು ನೋಡಿದಳಂತೆ. ಮರುದಿನ ರಮ್ಯಳನ್ನು ಮನೆಗೆ ಕಳಿಸಿದರು. ಆಟೋ ಹತ್ತುವಾಗ ಆ ಹುಡುಗಿ ಅಕ್ಕನ ಕೈ ಹಿಡಿದು, "ಅತ್ತೆ, ಹೆರಿಗೆ ಆದ್ಮೇಲೆ ತಿನ್ನಕೆ ಒಂದ್ ಪ್ಯಾಕೆಟ್ ಎತ್ತಿಟ್ಟಿರಿ" ಎಂದಳು. ಅಕ್ಕನ ಮುಖ ಬಿಳಿಚಿತು.

ವಾರ ಕಳೆಯಿತು. ಒಲೆ ಹತ್ತಲಿಲ್ಲ. ಭಾವ ಜಗಲಿಯಿಂದ ನನ್ನ ಕಡೆ ನೋಡುತ್ತಿದ್ದರು. ಆ ನೋಟದಲ್ಲಿ ಬೇಡಿಕೆಯೂ ಇತ್ತು, ಟೇಪು ಸುತ್ತಿದವನ ನಾಚಿಕೆಯೂ ಇತ್ತು. ಅಷ್ಟರಲ್ಲಿ ಮಾದೇಶ ತಾನೇ ಬೈಕು ಹತ್ತಿ ಮುಳ್ಳೂರಿಗೆ ಬಂದ. ಅವನ ಬೇಕರಿಯ ಕಥೆ ಊರೂರು ಸುತ್ತಿತ್ತಂತೆ. ಮಾರಿದ ಸಾಮಾನನ್ನು ತಾವಾಗಿ ವಾಪಸ್ಸು ಕೇಳಿಕೊಂಡು ಬಂದವರನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಜನ ಬಂದು ಬಂದು ಅದೇ ಕಜ್ಜಾಯ ಕೊಡಿ ಎನ್ನುತ್ತಿದ್ದರು. ಬೆಂಗಳೂರಿನ ಒಂದು ದೊಡ್ಡ ಅಂಗಡಿಯವರೂ ಕೇಳಿದ್ದರು.

"ಅವ್ರೇ ಬಂದು ತಕಂಡ್ ಓಯ್ತಾರೆ ಅಕ್ಕಾ. ನಿಮ್ಗೆ ಬಸ್ ಹತ್ಸೋ ಕೆಲ್ಸನೂ ಇಲ್ಲ. ಅಲ್ಲಿಂದ ಎಲ್ಲೆಲ್ಗೋ ಓಯ್ತದೆ."

"ಎಲ್ಲೆಲ್ಗೆ?"

"ಯಾರ್ಗೊತ್ತು. ಫ್ಲೈಟ್ನಲ್ಲೂ ಓಗ್ಬೋದು."

ಅಕ್ಕ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಫ್ಲೈಟಿನ ದಾರಿಯಲ್ಲಿ ಏನೇನಿರುತ್ತದೆಂದು ಯೋಚಿಸುತ್ತಿದ್ದಾಳೆಂದು ನಾನು ಅಂದುಕೊಂಡೆ. ಅವಳು ಯೋಚಿಸುತ್ತಿದ್ದುದು ಅದಲ್ಲ.

"ಮಾದೇಶ, ಹನೂರ್ಗೆ ಕೊಡ್ತೀನಿ. ಕೊಳ್ಳೇಗಾಲಕ್ಕೆ ಕೊಡ್ತೀನಿ, ಯಳಂದೂರ್ಗೆ ಕೊಡ್ತೀನಿ. ಅದ್ರಾಚೆಗೆ ಬ್ಯಾ‌ಡ."

"ಯಾಕಕ್ಕಾ, ಲೈಸೆನ್ಸ್ ಅದಲ್ಲ? ಎಲ್ಬೇಕಾದ್ರೂ ಮಾರ್ಬೋದು."

"ಮಾರ್ಬೋದು. ಯಾರ್ಗಾರ ಏನಾರ ಆದ್ರೆ, ನಾನ್ ಓಗಿ ಪಕ್ಕದಲ್ ಕುಂತ್ಕಳಕೆ ಆಗೋವಷ್ಟು ದೂರಕ್ಕೆ ಮಾತ್ರ ಕೊಡ್ತೀನಿ."

ಮಾದೇಶ ನನ್ನ ಕಡೆ ನೋಡಿದ, ಇದು ಯಾವ ಕಾನೂನಿನಲ್ಲಿದೆ ಸಾ ಎಂಬಂತೆ. ನಾನು ಭಾವನ ಕಡೆ ನೋಡಿದೆ. ಭಾವ ಎದ್ದು ಒಳಗೆ ಹೋದರು. ಅಕ್ಕಿಯ ಡಬ್ಬದ ಮುಚ್ಚಳ ತೆಗೆಯುವ ಸದ್ದಾಯಿತು.

"ಎಷ್ಟ್ ನೆನ್ಸದು?" ಎಂದು ಅಲ್ಲಿಂದಲೇ ಕೂಗಿದರು.

"ನೀವ್ ಕೈ ಹಾಕ್ಬ್ಯಾಡಿ, ಬತ್ತೀನಿ" ಎಂದಳು ಅಕ್ಕ. ಹೇಳಿದಳೇ ಹೊರತು ತಕ್ಷಣ ಹೋಗಲಿಲ್ಲ. ಹನೂರಿನ ದಾರಿಯ ಕಡೆ ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದು, ನನ್ನ ಸ್ಕೂಟರಿನಲ್ಲಿ ಪೆಟ್ರೋಲು ಇದೆಯೇ ಎಂದು ಕೇಳಿ, ಇದೆ ಎಂದ ಮೇಲೆ ಒಳಗೆ ಹೋದಳು.